ಹೆಚ್ಚಿಪ್ಪೋ, ಹೆಮ್ಮರುವಾಯಿಯೋ?

ಗೆಳೆಯರೆ,

ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಜೈಂಟ್ ಕ್ಲ್ಯಾಮ್‌ಗಳನ್ನು, ಅಂದರೆ ಎರಡು ಚಿಪ್ಪಿನ ದೊಡ್ಡ ಕಡಲಜೀವಿಗಳನ್ನು, ಹೇಗೆ ಎಣಿಸುತ್ತಾರೆ ಅಂತ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ಈ ಪ್ರಾಣಿಯನ್ನು ಕನ್ನಡದಲ್ಲಿ ಏನನ್ನೋಣ?

'ಕಪ್ಪೆಚಿಪ್ಪು' ಅಂದರೆ ಹೊಳೆಯಲ್ಲಿ ಹೆಕ್ಕಿ ತಂದು ಮಾರುವ, ಮನೆಯಲ್ಲಿ ಸುಕ್ಕ ಮಾಡುವ ಮರುವಾಯಿಯೇ ನೆನಪಾಗುತ್ತದೆ. ಇದಾದರೋ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ, ಹುಲಿಯ ಸಾಲಿನಲ್ಲಿ. ಹಿಡಿಯುವಂತಿಲ್ಲ, ಮಾರುವಂತಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ತಪ್ಪಾಗುತ್ತದೆ ಅಲ್ವಾ?

'ದೈತ್ಯ ಮೃದ್ವಂಗಿ' ನನಗೆ ಒಗ್ಗಲಿಲ್ಲ. ಬಸವನಹುಳುವೂ ಮೃದ್ವಂಗಿಯೇ, ಆಕ್ಟೋಪಸ್ಸೂ ಮೃದ್ವಂಗಿಯೇ. ಜೈಂಟ್ ಕ್ಲ್ಯಾಮ್‌ಗಳಲ್ಲಿ ಟ್ರೈಡಾಕ್ನಾ ಗಿಗಾಸ್ ಅನ್ನುವ ಜಾತಿ ಒಂದು ಮೀಟರ್ ದಾಟಿ, 200 ಕೆ.ಜಿ. ಮೀರಿ ಬೆಳೆಯುತ್ತದೆ, ಅದು ದೈತ್ಯನೇ ಸರಿ. ಆದರೆ ಲಕ್ಷದ್ವೀಪದಲ್ಲಿ ಜಾಸ್ತಿ ಕಾಣುವುದು ಟ್ರೈಡಾಕ್ನಾ ಮ್ಯಾಕ್ಸಿಮಾ ಅನ್ನುವ ಇನ್ನೊಂದು ಜಾತಿ. ಬಹುಪಾಲು ಒಂದು ಗೇಣಿನ ಆಸುಪಾಸು. ಹವಳದೊಳಗೆ ಹುದುಗಿಕೊಂಡಿರುತ್ತದೆ, ನೀಲಿ ಹಸಿರು ತುಟಿಯಷ್ಟೇ ಹೊರಗೆ.

ಹಾಗಾಗಿ ಹೆಜ್ಜೇನು, ಹೆಬ್ಬಾವು ಇದ್ದ ಹಾಗೆ 'ಹೆಚ್ಚಿಪ್ಪು' ಅಂತ ಬರೆದೆ. ಇಂಥ ಪದಗಳಲ್ಲಿ 'ಹಿರಿ' ಅನ್ನುವುದು ಅಳತೆಯನ್ನಲ್ಲ, ಜಾತಿಯನ್ನು ಹೇಳುತ್ತದೆ. ಹೆಬ್ಬಾವಿನ ಮರಿಯೂ ಹೆಬ್ಬಾವೇ.

ಮುಂದೆ ಅದೂ ತೊಡಕಾಯಿತು. ಎಣಿಸುವವರು ನೀರಿನಡಿ ಅಳತೆಯ ಟೇಪು ಹಾಸುತ್ತಾರೆ. ಅದರ ಎರಡೂ ಬದಿ ಇಷ್ಟು ಅಗಲ ಅಂತ ಗೊತ್ತು ಮಾಡಿಕೊಂಡು, ಅದರೊಳಗೆ ಸಿಕ್ಕಿದ್ದನ್ನೆಲ್ಲ ಲೆಕ್ಕ ಹಿಡಿಯುತ್ತಾರೆ. ಬದುಕಿರುವುದು ಬೇರೆ, ಬರೀ ಚಿಪ್ಪು ಬೇರೆ. 'ಹತ್ತು ಹೆಚ್ಚಿಪ್ಪು ಸಿಕ್ಕವು' ಅಂದರೆ ಜೀವ ಇತ್ತೋ, ಖಾಲಿಯೋ? 'ಹೆಮ್ಮರುವಾಯಿ' ಅಂದರೆ ಈ ಕಷ್ಟವಿಲ್ಲ. ಕರಾವಳಿಯವರಿಗೆ ಮರುವಾಯಿ ಅಂದರೆ ಒಳಗಿನ ಜೀವವೂ ಸೇರಿತು. ಆದರೆ ಘಟ್ಟದ ಮೇಲಿನ ಮಕ್ಕಳು ಅದನ್ನು ಹೆಮ್ಮರ ಅಂತ ಓದಿಕೊಂಡಾರು ಅನ್ನುವ ಚಿಂತೆ.

'ಗಣತಿ'ಯನ್ನೂ ಬಿಟ್ಟೆ. ಗಣತಿಯೆಂದರೆ ಒಂದನ್ನೂ ಬಿಡದೆ ಎಣಿಸುವುದು. ಇಲ್ಲಿ ಟೇಪಿನ ಆಚೀಚೆ ಎಣಿಸಿ, ಉಳಿದ ದಿಬ್ಬಕ್ಕೆ ಅಂದಾಜು ಕಟ್ಟುತ್ತಾರೆ. 'ಮಾದರಿ ಎಣಿಕೆ' ಸರಿಹೋದೀತೇ?

1956ರವರೆಗೆ ಲಕ್ಷದ್ವೀಪದ ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾತ್ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಗೂ ಮಂಗಳೂರಿನ ಹಳೆ ಬಂದರಿಗೂ ಸರಕು ಸಾಗಿಸುವ ಮಂಜಿ ಹಡಗುಗಳ ಓಡಾಟ ಇದ್ದೇ ಇತ್ತು. ಬಂದರಿನವರ ಬಾಯಲ್ಲಿ ಇದಕ್ಕೊಂದು ಹೆಸರು ಉಳಿದಿರಬಹುದು ಅನ್ನುವ ಆಸೆ ನನಗೆ. ನಿಮ್ಮ ಮನೆಯ ಹಿರಿಯರು ಹೇಳಿದ್ದು ಕೇಳಿದ್ದರೆ ದಯವಿಟ್ಟು ತಿಳಿಸಿ. ಸಿಕ್ಕರೆ ನನ್ನ ಎರಡೂ ಪದ ಬಿಟ್ಟು ಅದನ್ನೇ ಬರೆಯುತ್ತೇನೆ.