ಊರಲ್ಲಿ ಯಾರಿಗೆ ಸಹಾಯಧನ ಬಂತು, ಪುಣೆಯಲ್ಲಿ ಕೂತು ನೋಡೋದು ಹೇಗೆ?

ಪಿಂಪ್ರಿ_ಜತ್ತದವ
ಜತ್ತ ತಾಲೂಕಿನ ಹೊಲ, ಸಾತ್‌ಬಾರಾ (ಅಲ್ಲಿಯ ಪಹಣಿ) ಅಪ್ಪನ ಹೆಸರಲ್ಲಿದೆ. ಪಿಎಂ ಕಿಸಾನ್ ಪಟ್ಟಿಯಲ್ಲಿ ಅವರ ಹೆಸರಿದ್ದರೂ ಕಂತು ನಿಂತಿದೆ. ನಾನು ಇನ್‌ಕಮ್ ಟ್ಯಾಕ್ಸ್ ಕಟ್ಟೋದು ಕಾರಣವಾ? ಅದೇ ಪಟ್ಟಿಯಲ್ಲಿ ತೀರಿಕೊಂಡವರ ಹೆಸರೂ ಇವೆ. ಹನಿ ನೀರಾವರಿ ಸಹಾಯಧನ ಯಾರಿಗೆ ಎಷ್ಟು ಹೋಯಿತು ಅಂತ ಕೇಳಬಹುದಾ?

ಹಡಪ್ಸರ_ರೈತ
ನಿಮ್ಮ ಟ್ಯಾಕ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಯೋಜನೆಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಅಷ್ಟೇ. ಅಪ್ಪ ಅಥವಾ ಅಮ್ಮ ಟ್ಯಾಕ್ಸ್ ಕಟ್ಟುತ್ತಿದ್ದರೆ, ಇಲ್ಲಾ ತಿಂಗಳಿಗೆ 10,000 ಅಥವಾ ಅದಕ್ಕಿಂತ ಹೆಚ್ಚಿನ ಪೆನ್ಶನ್ ಇದ್ದರೆ ತೊಡಕು.

ಊರಿನ ಪಟ್ಟಿಯಲ್ಲಿ ಹಣ ಬಂತೋ ಇಲ್ಲವೋ ಗೊತ್ತಾಗಲ್ಲ. ನೋಂದಣಿ ನಂಬರ್ ಹಾಕಿ ಸ್ಟೇಟಸ್ ತೆಗೆಯಿರಿ. ಲ್ಯಾಂಡ್ ಸೀಡಿಂಗ್ (ಜಮೀನು ದಾಖಲೆ ಜೋಡಣೆ), ಇ-ಕೆವೈಸಿ (ಗುರುತು ದೃಢೀಕರಣ), ಆಧಾರ್-ಬ್ಯಾಂಕ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಣೆ), ಈ ಮೂರರಲ್ಲಿ ಒಂದು ‘ನೋ’ ಇದ್ದರೂ 2,000 ಬರಲ್ಲ. ಮೊದಲನೆಯದಕ್ಕೆ ತಾಲೂಕು ಕಚೇರಿಗೆ ಸಾತ್‌ಬಾರಾ, ಆಠ-ಅ (ಒಬ್ಬರ ಒಟ್ಟು ಜಮೀನಿನ ಖಾತೆ ಉತಾರ) ಕೊಡಬೇಕು. ಇ-ಕೆವೈಸಿಗೆ ಓಟಿಪಿ ಬರದಿದ್ದರೆ ಸೇವಾ ಕೇಂದ್ರದಲ್ಲಿ ಬೆರಳಚ್ಚು. ಮೂರೂ ಸರಿಯಿದ್ದರೆ ಬೇರೆ ಪಾಸ್‌ಬುಕ್ ನೋಡಿ: ದುಡ್ಡು ಹೋಗೋದು ಆಧಾರ್ ಕೊನೆಗೆ ಜೋಡಿಸಿದ ಖಾತೆಗೆ, ಅರ್ಜಿಯಲ್ಲಿ ಬರೆದದ್ದಕ್ಕಲ್ಲ.

ಡೊಂಬಿವಲಿ_ಆರ್‌ಟಿಐ
ಖಂಡಿತ ಕೇಳಬಹುದು. ಮಾಹಿತಿ ಹಕ್ಕು ಕಾಯಿದೆಯ ಕಲಂ 4(1)(ಬಿ), 12ನೇ ಬಾಬಿನ ಪ್ರಕಾರ ಸಹಾಯಧನದ ಮೊತ್ತ, ಫಲಾನುಭವಿಗಳ ವಿವರ ಯಾರೂ ಕೇಳದೆಯೇ ಪ್ರಕಟಿಸಬೇಕು. ಅರ್ಜಿಯಲ್ಲಿ ಈ ಕಲಂ ಹೆಸರಿಸಿ.

ಮಹಾರಾಷ್ಟ್ರದ ನಿಯಮದಂತೆ ಅರ್ಜಿ ಸಾಮಾನ್ಯವಾಗಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ, ಶುಲ್ಕ 10 ರೂ. ಆನ್‌ಲೈನೂ ಆಗುತ್ತೆ, ಮರಾಠಿಯಲ್ಲಿ ಬರೆದರೆ ಒಳ್ಳೇದು. ತಾಲೂಕು ಕೃಷಿ ಕಚೇರಿಗೆ ಒಂದು ಊರು, ಒಂದು ವರ್ಷ, ಒಂದು ಯೋಜನೆ ಹಿಡಿದು ಕೇಳಿ: ಹೆಸರು, ಗಟ್ ನಂಬರ್ (ಜಮೀನಿನ ಸರ್ವೆ ನಂಬರಿನಂಥದ್ದು), ಕ್ಷೇತ್ರ, ಮೊತ್ತ, ಜಮೆಯಾದ ದಿನ. ‘ಇಡೀ ತಾಲೂಕಿನದು ಹತ್ತು ವರ್ಷದ್ದು’ ಅಂದರೆ ಕೆಲಸ ಕೆಟ್ಟಿತು. ಆಧಾರ್, ಖಾತೆ ನಂಬರ್ ಕೇಳಲೇಬೇಡಿ, ಅದನ್ನೇ ನೆಪ ಮಾಡಿ ಪೂರ್ತಿ ಅರ್ಜಿ ತಳ್ಳುತ್ತಾರೆ. 30 ದಿನದಲ್ಲಿ ಉತ್ತರ ಇಲ್ಲದಿದ್ದರೆ ಮೊದಲ ಮೇಲ್ಮನವಿ, 20 ರೂ.

ಪಟ್ಟಿ ಕೈಗೆ ಬಂದ ಮೇಲೆ ಹೆಸರಿಗಿಂತ ಗಟ್ ನಂಬರ್ ಮೇಲೆ ಕಣ್ಣಿಡಿ. ಅದೇ ಜಮೀನಿಗೆ ಮತ್ತೆ ಹನಿ ಸಹಾಯಧನ ಸಿಗೋದು 7 ವರ್ಷದ ಮೇಲೆ, ಒಬ್ಬರಿಗೆ ಮಿತಿ 5 ಹೆಕ್ಟೇರ್. ಒಂದೇ ಗಟ್ ಆ 7 ವರ್ಷದೊಳಗೆ ಎರಡು ಸಲ ಬಂದಿದ್ದರೆ ಮೊದಲು ಹಿಸ್ಸೆದಾರರು (ಪಾಲುದಾರರು) ಬೇರೆಯಾ ನೋಡಿ. ಅಣ್ಣತಮ್ಮಂದಿರು ತಮ್ಮತಮ್ಮ ಪಾಲಿಗೆ ತಗೊಂಡಿದ್ದರೆ ಅದು ಕಳ್ಳತನ ಅಲ್ಲ.

ಪಿಂಪ್ರಿ_ಜತ್ತದವ
‘ವೈಯಕ್ತಿಕ ಮಾಹಿತಿ’ ಅಂತ ಕೊಡದಿದ್ದರೆ?

ಡೊಂಬಿವಲಿ_ಆರ್‌ಟಿಐ
2025ರ ನವೆಂಬರ್‌ನಲ್ಲಿ ಕಲಂ 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿ ಕೊಡದಿರುವ ವಿನಾಯಿತಿಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಆ ಉತ್ತರ ಕೊಡೋದು ಸುಲಭವಾಗಿದೆ, ನನ್ನ ಪ್ರಕಾರ ಕೆಟ್ಟ ಬದಲಾವಣೆ. ಆದರೆ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನುವ 8(2) ಹಾಗೇ ಇದೆ. ಮೇಲ್ಮನವಿಯಲ್ಲಿ ಅದನ್ನೂ ಕಲಂ 4ನ್ನೂ ಜೊತೆಗೇ ಹಿಡಿಯಿರಿ.

ಹಡಪ್ಸರ_ರೈತ
ತೀರಿಕೊಂಡವರ ವಿಚಾರ ಅವರ ಮನೆಯವರಿಗೆ ಹೇಳಿ. ಮರಣದ ಮೇಲೆ ಜಮೆಯಾದ ಕಂತು ವಸೂಲಾಗುತ್ತೆ. ತಲಾಠಿ (ಗ್ರಾಮ ಲೆಕ್ಕಿಗ) ಹತ್ತಿರ ವಾರಸಾ ಫೇರಫಾರ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ ವಾರಸುದಾರರು ಹೊಸದಾಗಿ ನೋಂದಾಯಿಸಬಹುದು. 1-2-2019ರ ನಂತರ ಖರೀದಿಸಿದ ಜಮೀನಿಗೆ ಹಣವಿಲ್ಲ, ವಾರಸಾಕ್ಕೆ ಆ ಅಡ್ಡಿ ಇಲ್ಲ.