ಪದಚರ್ಚೆ: ಕಡಲ ನೀರಿನ ‘ಸಾಂದ್ರತೆ’ ಅಂದರೆ ಯಾವ ಸಾಂದ್ರತೆ?

ಎಲ್ಲರಿಗೂ ನಮಸ್ಕಾರ.

ಒಂದು ವಾಕ್ಯ ನಿನ್ನೆಯಿಂದ ತಲೆ ತಿನ್ನುತ್ತಿದೆ. ಕಡಲ ನೀರಿನ ಬಗ್ಗೆ ಮಕ್ಕಳಿಗಾಗಿ ಬರೆದ ಲೇಖನವೊಂದನ್ನು ತಿದ್ದುತ್ತಿದ್ದೆ. ಅದರಲ್ಲಿ ಹೀಗಿತ್ತು: “ಲವಣದ ಸಾಂದ್ರತೆ ಹೆಚ್ಚಿದಂತೆ ನೀರಿನ ಸಾಂದ್ರತೆಯೂ ಹೆಚ್ಚುತ್ತದೆ.”

ಬರೆದವರದು ತಪ್ಪೇನಿಲ್ಲ. ಎರಡೂ ಕಡೆ ನಾವೆಲ್ಲ ಬಳಸುವ ಪದವನ್ನೇ ಹಾಕಿದ್ದಾರೆ. ಮೊದಲನೆಯದು ನೀರಿನಲ್ಲಿ ಉಪ್ಪು ಎಷ್ಟು ಕರಗಿದೆ ಅನ್ನೋದು. ಎರಡನೆಯದು ಅಳತೆ ಹಿಡಿದ ನೀರು ಎಷ್ಟು ತೂಗುತ್ತದೆ ಅನ್ನೋದು. ಓದುವ ಮಗುವಿಗೆ ಇದು ಗೊತ್ತಾಗೋದು ಹೇಗೆ?

“ಸಂದರ್ಭ ನೋಡಿದರೆ ತಿಳಿಯುತ್ತೆ ಬಿಡಿ” ಅನ್ನಬಹುದು. ‘ಸಾಂದ್ರ ಆಮ್ಲ’, ‘ಕಬ್ಬಿಣದ ಸಾಂದ್ರತೆ’ ಅಂದಾಗ ನಿಜ, ಗೊಂದಲವಿಲ್ಲ. ಆದರೆ ಕಡಲ ನೀರಿನ ವಿಷಯದಲ್ಲಿ ಎರಡೂ ಜೊತೆಜೊತೆಗೇ ಬರುತ್ತವೆ. ಅಳೆಯುವ ಬಗೆಯೂ ಒಂದೇ. ಕಡಲ ಮೇಲ್ಭಾಗದಿಂದ ಒಂದು ಲೀಟರ್ ನೀರು ತಂದು ತೂಗಿದರೆ ಸುಮಾರು 1025 ಗ್ರಾಂ. ಅದರಲ್ಲಿ ಕರಗಿರುವ ಲವಣ ಸುಮಾರು 36 ಗ್ರಾಂ. ಎರಡೂ ‘ಲೀಟರಿಗೆ ಇಷ್ಟು ಗ್ರಾಂ’! ಈಗ “ಸಾಂದ್ರತೆ ಲೀಟರಿಗೆ ಇಷ್ಟು” ಅಂದರೆ ಯಾವ ಲೆಕ್ಕ ಹಿಡಿಯಬೇಕು?

ಇಲ್ಲೊಂದು ತಮಾಷೆಯೂ ಇದೆ. 1025ರಲ್ಲಿ 36 ಕಳೆದರೆ 989. ಅಂದರೆ ಆ ಲೀಟರಿನಲ್ಲಿ ಬರೀ ನೀರು ಸಾವಿರ ಗ್ರಾಂ ಕೂಡ ಇಲ್ಲ. ಕರಗಿದ ಉಪ್ಪೂ ಜಾಗ ಹಿಡಿಯುತ್ತದೆ ಅಲ್ವಾ! ಹಾಗಾಗಿ ಉಪ್ಪು ಏರಿದಷ್ಟೇ ತೂಕ ಏರುವುದಿಲ್ಲ.

ಇನ್ನು ಉಪ್ಪಿನ ಒಂದು ಹರಳನ್ನೂ ಸೇರಿಸದೆ ನೀರನ್ನು ಸುಮ್ನೆ ತಣ್ಣಗೆ ಮಾಡಿ. ತೂಕದ ಸಾಂದ್ರತೆ ಏರುತ್ತದೆ. ಸಿಹಿನೀರು 4 ಡಿಗ್ರಿವರೆಗೆ ಮಾತ್ರ ಭಾರವಾಗಿ, ಆಮೇಲೆ ಹಗುರಾಗತೊಡಗುತ್ತದೆ. ಕಡಲ ನೀರು ಹಾಗಲ್ಲ. ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗೆ, ಹೆಪ್ಪುಗಟ್ಟುವ ತನಕವೂ ಭಾರವಾಗುತ್ತಲೇ ಹೋಗುತ್ತದೆ. ಹೆಪ್ಪುಗಟ್ಟುವಾಗ ಮಂಜುಗಡ್ಡೆ ಬಹುಪಾಲು ಉಪ್ಪನ್ನು ಹೊರಗೆ ತಳ್ಳುತ್ತದೆ. ಆಗ ಸುತ್ತಲಿನ ನೀರು ಇನ್ನೂ ಉಪ್ಪಾಗಿ, ಇನ್ನೂ ಭಾರವಾಗಿ ಕೆಳಗಿಳಿಯುತ್ತದೆ. ಇಷ್ಟನ್ನು ಒಂದೇ ‘ಸಾಂದ್ರತೆ’ ಇಟ್ಟುಕೊಂಡು ಬರೆದು ನೋಡಿ, ಕೈ ಕಟ್ಟಿಹಾಕಿದ ಹಾಗಾಗುತ್ತದೆ.

ಬೇರೆ ಪದ ಹುಡುಕಿದೆ. ‘ಗಟ್ಟಿತನ’ ಆಗಲ್ಲ. ಎಣ್ಣೆ ನೀರಿಗಿಂತ ಮಂದ, ಆದರೂ ತೇಲುತ್ತದೆ. ‘ದಟ್ಟಣೆ’ ಅಂದ ಕೂಡಲೇ ರಸ್ತೆ ತುಂಬ ವಾಹನ ಕಣ್ಣಿಗೆ ಬರುತ್ತವೆ. ‘ಭಾರದ ನೀರು’ ಅಂತ ಬರೆದು ನಾನೇ ಹೊಡೆದುಹಾಕಿದೆ. ಅಣುಸ್ಥಾವರದ ‘ಭಾರಜಲ’ವೇ ಬೇರೆ.

ನನ್ನ ಮಟ್ಟಿಗೆ ‘ಸಾಂದ್ರತೆ’ಯನ್ನು ತೂಕದ ಅರ್ಥಕ್ಕೇ ಬಿಡೋಣ. ಉಪ್ಪಿನ ಕಡೆಗೆ ‘ಲವಣತೆ’ ಇದ್ದೇ ಇದೆ. ‘ಉಪ್ಪಿನಂಶ’ ಕಿವಿಗೆ ಹಿತ, ಒಪ್ಪುತ್ತೇನೆ. ಆದರೆ ಉಪ್ಪು ಅಂದರೆ ಅಡುಗೆ ಉಪ್ಪು ಅನ್ನೋ ಭಾವನೆ ಬರುತ್ತದೆ. ಕಡಲಲ್ಲಿ ಕರಗಿರುವುದರಲ್ಲಿ ಕ್ಲೋರೈಡ್ ಮತ್ತು ಸೋಡಿಯಂ ಸೇರಿ ನೂರಕ್ಕೆ ಸುಮಾರು 85 ಭಾಗ. ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಕಡಲ ಸಂಶೋಧನೆಗೆ ಹೊರಟ ಬ್ರಿಟಿಷ್ ಹಡಗು ಚಾಲೆಂಜರ್ 1872ರಿಂದ 1876ರವರೆಗೆ ಸುತ್ತಿ ತಂದ ಕಡಲ ನೀರಿನ 77 ಮಾದರಿಗಳನ್ನು ರಸಾಯನ ವಿಜ್ಞಾನಿ ವಿಲಿಯಂ ಡಿಟ್ಮಾರ್ ಪರೀಕ್ಷಿಸಿದರು. ಒಟ್ಟು ಲವಣ ಕಡಲಿಂದ ಕಡಲಿಗೆ ಹೆಚ್ಚುಕಮ್ಮಿಯಾದರೂ ಈ ಪಾಲುಗಳು ಬಹುತೇಕ ಒಂದೇ ಅಂತ 1884ರಲ್ಲಿ ತೋರಿಸಿದರು. ಅದಕ್ಕೇ ಎಲ್ಲವನ್ನೂ ಒಂದೇ ಅಂಕಿಯಲ್ಲಿ ಹೇಳಲು ಬರುತ್ತದೆ. ಕಡಲ ವಿಜ್ಞಾನಿಗಳ 1978ರ ಮಾನಕದಲ್ಲಂತೂ ಲವಣತೆಗೆ ಏಕಮಾನವೇ ಇಲ್ಲ. ವಿದ್ಯುತ್ ವಾಹಕತೆ ಅಳೆದು ಸುಮ್ನೆ 35 ಅಂತಾರೆ. “ಉಪ್ಪಿನಂಶ 35” ಅಂದರೆ “35 ಏನು?” ಅಂತ ಕೇಳಬೇಕಾಗುತ್ತದೆ. “ಲವಣತೆ 35” ತನ್ನಷ್ಟಕ್ಕೆ ನಿಲ್ಲುತ್ತದೆ.

ಅದೇ ಲೇಖನದಲ್ಲಿ ‘ಕ್ಷಾರ’ವೂ ಕಾಟ ಕೊಟ್ಟಿತು. ಮಾತಿನಲ್ಲಿ ಉಪ್ಪುನೀರಿಗೂ ಕ್ಷಾರ ಅನ್ನುವವರಿದ್ದಾರೆ. ವಿಜ್ಞಾನದಲ್ಲಿ ಅದು ಆಮ್ಲಕ್ಕೆ ಎದುರು. ಕಡಲ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಮೇಲಿದ್ದರೆ ಕ್ಷಾರ) ಸುಮಾರು 8.1, ಹಾಗಾಗಿ ಎರಡರ್ಥದಲ್ಲೂ ಕ್ಷಾರವೇ! ‘ಕಡಲ ಆಮ್ಲೀಕರಣ’ ಅಂದರೂ ನೀರು ಹುಳಿಯಾಯಿತು ಅಂತಲ್ಲ, ಕ್ಷಾರತೆಯ ಕಡೆಯಿಂದ ಒಂಚೂರು ಕೆಳಗೆ ಸರಿಯಿತು ಅಂತ. ಇದನ್ನು ಬೇರೆಯಾಗಿ ಚರ್ಚಿಸೋಣ.

ಸರಿ, ವಾಕ್ಯವನ್ನು “ಲವಣತೆ ಹೆಚ್ಚಿದಂತೆ ನೀರಿನ ಸಾಂದ್ರತೆ ಹೆಚ್ಚುತ್ತದೆ” ಅಂತ ತಿದ್ದಿದೆ. ಮುಂದಿನ ಸಾಲಿಗೇ ಮತ್ತೆ ಸಿಕ್ಕಿಬಿದ್ದೆ. ಒಂದು ಕಿಲೋ ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 0.4 ಗ್ರಾಂ. ಇದಕ್ಕೆ ‘ಲವಣತೆ’ ಹೊಂದಲ್ಲ. ‘ಕ್ಯಾಲ್ಸಿಯಂ ಪ್ರಮಾಣ’ ಅಂದರೆ ಲೋಟದಲ್ಲಿ ಕಮ್ಮಿ, ಬಕೆಟ್ಟಿನಲ್ಲಿ ಜಾಸ್ತಿ ಅನ್ನೋ ಅರ್ಥವೂ ಬರುತ್ತದೆ. ನೀರು ಬೆರೆಸಿ ತೆಳುಮಾಡಿದ ಆಮ್ಲಕ್ಕೆ ಪಠ್ಯಗಳಲ್ಲಿ ‘ಸಾರರಿಕ್ತ’ ಅಂತಾರಲ್ಲ, ಅದೇ ಜಾಡಿನಲ್ಲಿ ‘ಸಾರತೆ’ ಅನ್ನಬಹುದೇ? “ಕ್ಯಾಲ್ಸಿಯಂ ಸಾರತೆ” ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ತರಗತಿಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವರು ಬಾಯಿಮಾತಿನಲ್ಲಿ ಏನು ಬಳಸುತ್ತೀರಿ, ತಿಳಿಸಿ.