ಕೇಬಲ್ ಹಾಯಿಸುವ ತೂತಿಗೆ ಏನೆನ್ನೋಣ? (ಇವತ್ತೇ ಬೇಕು)

ಕೈಪಿಡಿ:
ನಮಸ್ಕಾರ. ಜೋಡಣೆ ಮುಗಿದ ಮರದ ಮೇಜು, ಟಿವಿ ಸ್ಟ್ಯಾಂಡುಗಳಲ್ಲಿ ಕೇಬಲ್ ಹಾಯಿಸಲು ತೂತು ಕೊರೆಯುವ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಆ ತೂತಿನ ಹೆಸರು, ಅದಕ್ಕೆ ತೊಡಿಸುವ ಪ್ಲಾಸ್ಟಿಕ್ ಗ್ರೊಮೆಟ್, ದುಂಡಗೆ ಕೊರೆಯಲು ಡ್ರಿಲ್ಲಿಗೆ ಸಿಕ್ಕಿಸುವ ಹಲ್ಲಿನ ಬಟ್ಟಲು, ಅಂದರೆ ಹೋಲ್ ಸಾ. ‘ಕೇಬಲ್ ರಂಧ್ರ’ ಅಂತ ಹಾಕಿದರೆ ಕಿವಿ ಮೂಗು ಡಾಕ್ಟರ ಚೀಟಿ ಓದಿದ ಹಾಗಾಗುತ್ತದೆ. ಬೇರೆ ಏನಾದರೂ?

ಹಳೇಬೇರು:
ರಂಧ್ರ ಬೇಡವೇ ಬೇಡ. ‘ತಂತಿಗಂಡಿ’ ಎನ್ನಿ. ಬೆಳಕು ಬರುವುದಕ್ಕೆ ಬೆಳಕಿಂಡಿ ಇದೆ, ತಂತಿ ಹಾಯುವುದಕ್ಕೆ ತಂತಿಗಂಡಿ ಯಾಕಿರಬಾರದು? ಗ್ರೊಮೆಟ್ = ಕಂಡಿಬಳೆ. ಹೋಲ್ ಸಾ = ಗುಂಡುಗರಗಸ. ಮುಗೀತು.

ಉಳಿಬಾಚಿ:
ಮುಗೀಲಿಲ್ಲ. ಕಂಡಿ ಬೀಳುವುದು ಕೆರೆಯ ಏರಿಗೆ, ಬೇಲಿಗೆ. ಅಳತೆ ಹಿಡಿದು ಕೊರೆದದ್ದು ತೂತು. ಆಚೆಗೆ ಹೋಗದೆ ಅರ್ಧಕ್ಕೆ ನಿಂತರೆ ಕುಳಿ. ಬಾಗಿಲಿನ ಹಿಂಜ್ ಕೂರಿಸಲು 35 ಮಿ.ಮೀ. ಕೊರೆಯುತ್ತಾರಲ್ಲ, ಅದು ಕುಳಿ. ಇಂಗ್ಲಿಷಿನವರು ಎರಡಕ್ಕೂ ಹೋಲ್ ಅಂದುಬಿಡುತ್ತಾರೆ. ನೀವೂ ಹಾಗೇ ಅನುವಾದಿಸಿದರೆ ಓದಿದವನು ಮೇಜನ್ನು ಹಾಳು ಮಾಡಿಕೊಳ್ಳುತ್ತಾನೆ.

ಹೆಸರಿಗಿಂತ ಮೊದಲು ಕ್ರಿಯಾಪದ ಸರಿಮಾಡಿ. ಹೋಲ್ ಸಾ ನಡುವೆ ಒಂದು ಸಣ್ಣ ಬಿಟ್ ಇರುತ್ತದೆ. ಅದರ ಮೊನೆ ಆಚೆ ಮುಖದಲ್ಲಿ ಕಂಡ ಕೂಡಲೇ ನಿಲ್ಲಿಸಬೇಕು. ಆಮೇಲೆ ಅದೇ ಸಣ್ಣ ತೂತು ಹಿಡಿದು ಆಚೆಯಿಂದ ಕೊರೆಯಬೇಕು. ಹಾಗಾಗಿ ಮೊದಲು ‘ತೂರಿಸಿ’, ಆಮೇಲೆ ‘ಕೊರೆಯಿರಿ’. ಎರಡೂ ಕಡೆ ‘ರಂಧ್ರ ಮಾಡಿ’ ಅಂದರೆ ಏನು ತಿಳಿಯುತ್ತೆ, ಮಣ್ಣು! ಜೋಡಿಸಿದ ಮೇಜಿನ ಹಿಂದೆ ಡ್ರಿಲ್ ಹಿಡಿಯಲು ಜಾಗ ಇಲ್ಲದಿದ್ದರೆ, ಒಂದು ತುಂಡು ಹಲಗೆಯನ್ನು ಹಿಂದಿನಿಂದ ಒತ್ತಿಟ್ಟು ಕ್ಲಾಂಪ್ ಬಿಗಿಯಬೇಕು. ಇಲ್ಲದಿದ್ದರೆ ಹಲ್ಲು ಹೊರಬೀಳುವ ಕಡೆ ಅಂಚು ಕೆಡುತ್ತದೆ.

ಆ ಕೆಡುವುದಕ್ಕೂ ನಮ್ಮಲ್ಲಿ ಬೇರೆ ಬೇರೆ ಮಾತಿದೆ. ಗಟ್ಟಿಮರ ಸಿಬಿರೇಳುತ್ತದೆ. ಲ್ಯಾಮಿನೇಟ್ ಚಕ್ಕೆ ಏಳುತ್ತದೆ. ಪಾರ್ಟಿಕಲ್ ಬೋರ್ಡ್ ಉದುರುತ್ತದೆ. ನಿಮ್ಮ ಮೂಲದಲ್ಲಿ ಇದಕ್ಕೆಲ್ಲ ಒಂದೇ ಪದ ಇರಬಹುದು, ನೀವು ಒಂದೇ ಹಾಕಬೇಡಿ.

ಕೈಪಿಡಿ:
ತುಂಬಾ ಉಪಕಾರ ಸರ್. ಗ್ರೊಮೆಟ್‌ಗೆ ‘ಬಳೆ’ ಸಾಕಾ? ‘60 ಮಿ.ಮೀ. ಬಳೆ’ ಅಂತ ಬರೆಯಬಹುದಾ?

ಉಳಿಬಾಚಿ:
ಬರೆದರೆ ಬಳೆಯ ಹೊರ ಅಂಚನ್ನು ಅಳೆಯುತ್ತಾರೆ. ಆ ಅಂಚು ತೂತಿಗಿಂತ ಅಗಲ, ಕೊರೆದ ಗುರುತು ಮುಚ್ಚಲೆಂದೇ ಇರುವುದು. 60 ಅನ್ನುವುದು ಸಾಮಾನ್ಯವಾಗಿ ತೂತಿನ ಅಳತೆ. ‘60 ಮಿ.ಮೀ. ತೂತಿಗೆ ಕೂರುವ ಬಳೆ’ ಎನ್ನಿ. ಸೀಳಿರುವ ಮೇಲ್ಭಾಗ ಬಳೆ ಅಲ್ಲ, ಮುಚ್ಚಳ. ಪ್ಲಗ್ಗಿನ ತಲೆ ತೂತಿನಲ್ಲಿ ತೂರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಲು ಒಂದು ಸಾಲು ಸೇರಿಸಿ. ಕೇಬಲ್ ಸಣ್ಣದಿರುತ್ತೆ, ತಲೆ ಅಲ್ಲ.

ಹಳೇಬೇರು:
ಲ್ಯಾಮಿನೇಟ್, ಕ್ಲಾಂಪ್, ಬಿಟ್, ಗ್ರೊಮೆಟ್. ಇದು ಕನ್ನಡದ ಕೈಪಿಡಿಯೋ, ಕನ್ನಡ ಲಿಪಿಯ ಇಂಗ್ಲಿಷೋ? ತೂತು ಕನ್ನಡವೇ, ಒಪ್ಪುತ್ತೇನೆ. ಆದರೆ ದಪ್ಪ ಅಕ್ಷರದ ತಲೆಬರಹದಲ್ಲಿ ಹಾಕಿದರೆ ನಗುತ್ತಾರೆ.

ಅಡ್ಡಮಾತು:
ಯಾರು ನಗುತ್ತಾರೆ? ಎಲ್ಲರ ಮನೆ ದೋಸೆಯೂ ತೂತೇ ಅಂತ ಗಾದೆ, ರಂಧ್ರ ಅಂತಲೂ ಅಲ್ಲ, ಕಂಡಿ ಅಂತಲೂ ಅಲ್ಲ. ಇನ್ನು ನಿಮ್ಮ ತಂತಿಗಂಡಿಯಲ್ಲಿ ತಂತಿ ಎಲ್ಲಿಂದ ಬಂತು ಸ್ವಾಮಿ? ಸಂಸ್ಕೃತದ ತಂತ್ರಿಯಿಂದ. ಗುಂಡುಗರಗಸದ ಗರಗಸ ಕ್ರಕಚದಿಂದ. ಕುರ್ಚಿ ಅರಬ್ಬಿ, ಅಲಮಾರು ಪೋರ್ಚುಗೀಸ್. ತೂತು ಕೊರೆಯುವುದಕ್ಕೆ ಮೊದಲು ಮನೆಯ ಸಾಮಾನೆಲ್ಲ ಹೊರಗೆ ಹಾಕೋಣವೇ?

ಹಳೇಬೇರು:
ಸುಮ್ನೆ ಗೊಂದಲ ಮಾಡಬೇಡಿ. ತದ್ಭವ ಬೇರೆ, ಎರವಲು ಬೇರೆ. ಗರಗಸ ನಮ್ಮವರ ಬಾಯಲ್ಲಿ ಸವೆದು ನಮ್ಮದಾದ ಪದ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಅರಿಸಮಾಸ ಎಂದದ್ದು ಸಂಸ್ಕೃತವನ್ನು ಕನ್ನಡಕ್ಕೆ ನೇರ ಬೆಸೆದರೆ. ತದ್ಭವಕ್ಕೆ ಆ ತಕರಾರಿಲ್ಲ. ಗ್ರೊಮೆಟ್ ಯಾರ ಬಾಯಲ್ಲಿ ಸವೆದಿದೆ?

ಅಡ್ಡಮಾತು:
ಬಳಸಲು ಬಿಟ್ಟರೆ ತಾನೇ ಸವೆಯುವುದು! ಡ್ರಿಲ್ಲು, ವೈರು, ಪ್ಲಗ್ಗು ಆಗಲೇ ಉಕಾರ ಹಚ್ಚಿಕೊಂಡು ವಿಭಕ್ತಿಗೂ ಒಗ್ಗಿಕೊಂಡಿವೆ.

ಉಳಿಬಾಚಿ:
ಅರಿಸಮಾಸ ಪಕ್ಕಕ್ಕಿಡಿ. ಅಂಗಡಿಗೆ ಹೋಗಿ ‘ಗುಂಡುಗರಗಸ ಕೊಡಿ’ ಅಂದರೆ ಏನು ಕೊಡುತ್ತಾರೆ ನೋಡೋಣ.

ಕೈಪಿಡಿ:
ಎಲ್ಲರಿಗೂ ನಮಸ್ಕಾರ. ಹೀಗೆ ಕಳಿಸುತ್ತಿದ್ದೇನೆ: ತಲೆಬರಹ ‘ವೈರು ತೂತು’. ಗ್ರೊಮೆಟ್‌ಗೆ ‘ತೂತಿನ ಬಳೆ’ ಮತ್ತು ‘ಮುಚ್ಚಳ’. ಹೋಲ್ ಸಾ ಹಾಗೆಯೇ ಇರುತ್ತದೆ, ಪಕ್ಕದಲ್ಲಿ ಚಿತ್ರ. ಚಕ್ಕೆ, ಸಿಬಿರು, ಉದುರು ಮೂರೂ ಒಳಗೆ ಬಂದಿವೆ.

ಹಳೇಬೇರು:
ವೈರುತೂತು. ಸೇರಿಸಿ ಬರೆಯಿರಿ. ಬಿಡಿಸಿದರೆ ಸಮಾಸವೇ ಅಲ್ಲ.